ಗೋಡೆಯಲ್ಲಿದ್ದ ಮೊಳೆಯ ಗುರುತು

ಕುಮಟಾ ಹತ್ತಿರದ ನಮ್ಮ ಅಜ್ಜನ ಮನೆಯಲ್ಲಿ, ಅಂಗಳ ದಾಟಿ ತೋಟಕ್ಕೆ ಇಳಿಯುವಲ್ಲಿ, ಒಂದು ಪುಟ್ಟ ದೇವರ ಗುಡಿ ಇದೆ. ಚಿರೆಕಲ್ಲಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ. ಬಾಗಿಲಿನ ಎಡಕ್ಕೆ ಕಾವಿಯಲ್ಲಿ ಬಿಡಿಸಿದ ದೊಡ್ಡ ಹೂವೊಂದಿದೆ. ಚಿಕ್ಕವಳಿದ್ದಾಗ ರಜೆಗೆ ಹೋದಾಗೆಲ್ಲ ಅದರ ಎಸಳಿನ ಮೇಲೆ ಬೆರಳು ಎಳೆಯುತ್ತಿದ್ದೆ. ಕೆರೆದ ಗೆರೆಯ ಅಂಚು ಬೆರಳಿಗೆ ತಾಗುತ್ತಿತ್ತು.

ಕಾವಿ ಕಲೆ ಗೊತ್ತಿಲ್ಲದವರಿಗೆ ಒಂದು ಮಾತು. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ತೆಳು ಪದರ ಬಳಿಯುತ್ತಾರೆ. ಅದು ಹಸಿ ಇರುವಾಗಲೇ ಮೊನಚಾದ ಕಡ್ಡಿಯಿಂದ ಕೆರೆಯುತ್ತಾರೆ. ಕೆರೆದಲ್ಲೆಲ್ಲ ಕೆಳಗಿನ ಬಿಳಿ ಕಾಣುತ್ತದೆ. ಬಣ್ಣ ಎರಡೇ, ಕೆಂಪು ಮತ್ತು ಬಿಳಿ. ಗೋವಾದಿಂದ ನಮ್ಮ ಕರಾವಳಿಯವರೆಗೆ ಹಳೆಯ ದೇವಸ್ಥಾನಗಳ ಗೋಡೆಯ ಮೇಲೆ ಇದು ಸಿಗುತ್ತದೆ. ಶಿರಸಿ ಕಡೆ ಮನೆಗಳಲ್ಲಿ ಕಾಣುವ ಹಸೆ ಚಿತ್ತಾರದಲ್ಲಿ ನೇರ ಗೆರೆ ಜಾಸ್ತಿ. ಕಾವಿಯ ಹೂವುಗಳಲ್ಲಿ ಎಲ್ಲವೂ ಬಾಗು, ಎಲ್ಲವೂ ಸುತ್ತು.

ಹೋದ ಮಳೆಗಾಲದಲ್ಲಿ ಆ ಹೂವಿನ ಬಲಭಾಗದ ಗಾರೆ ಕಳಚಿ ಬಿತ್ತು. ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಹೋಯಿತು. ಸಿಮೆಂಟ್ ಬಳಿದು ಬಣ್ಣ ಹೊಡೆಸೋಣ ಅಂತ ಮನೆಯಲ್ಲಿ ಕೆಲವರು ಹೇಳಿದರು. ಮಾವ ಒಪ್ಪಲಿಲ್ಲ. ಸುಣ್ಣದ ಗಾರೆ ಕೆಲಸ ಬಲ್ಲ ಹಿರಿಯರೊಬ್ಬರನ್ನು ಹುಡುಕಿ ಮಾತಾಡಿ ಬಂದರು. ಆಮೇಲೆ ನನಗೆ ಫೋನ್ ಮಾಡಿ, "ಕೂಸೇ, ಆ ಹೂವನ್ನ ಕಂಪ್ಯೂಟರಲ್ಲಿ ಅಳತೆ ಪ್ರಕಾರ ಬಿಡ್ಸಿಕೊಡಲೆ ಆಗ್ತ?" ಅಂದರು. ಆಗ್ತು ಅಂದೆ. ನಾನು ಶಿರಸಿಯಲ್ಲಿ ಡಿಟಿಪಿ ಕೆಲಸ ಮಾಡುವವಳು. ಮದುವೆ ಕಾಗದ, ಉಪನಯನದ ಆಮಂತ್ರಣ, ಬ್ಯಾನರ್, ಎಲ್ಲ ದಿನಾ ಮಾಡುತ್ತೇನೆ. ಒಂದು ಹೂವು ಎರಡು ಸಂಜೆಯ ಕೆಲಸ ಅಂದುಕೊಂಡಿದ್ದೆ. ಮೂರು ವಾರ ಹಿಡಿಯಿತು.

ದೇವಿಮನೆ ಘಟ್ಟ ಇಳಿದು ಹೋಗಿ ಫೋಟೋ ತೆಗೆದುಕೊಂಡು ಬಂದೆ. ಪಕ್ಕದಲ್ಲಿ ಟೇಪು ಇಟ್ಟು ತೆಗೆದಿದ್ದೆ, ಅದು ಒಳ್ಳೆಯದಾಯಿತು. ಇಡೀ ಹೂವು ಅಂಚಿನಿಂದ ಅಂಚಿಗೆ 61 ಸೆಂಟಿಮೀಟರ್, ಅಂದರೆ ಎರಡು ಅಡಿ. ನಡುವೆ ಆರು ಎಸಳು. ಅದರ ಸುತ್ತ ಅಲೆಯಂತೆ ಹೋಗುವ ಬಳ್ಳಿ. ಹೊರಗೆ ಸಾಲಾಗಿ ಸಣ್ಣ ಸಣ್ಣ ಕಮಾನು.

ಅಂಗಡಿಯಲ್ಲಿ ಕೋರೆಲ್ ಡ್ರಾ ಇದೆ. ಮನೆಯ ಲ್ಯಾಪ್‌ಟಾಪಿನಲ್ಲಿ ನಾನು ಇಂಕ್‌ಸ್ಕೇಪ್ ಬಳಸುತ್ತೇನೆ. 2003ರಿಂದ ಬೆಳೆದುಬಂದ, ಚಿತ್ರ ಬಿಡಿಸುವ ತಂತ್ರಾಂಶ, ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು. ಇದು ಮನೆ ಕೆಲಸ, ರಾತ್ರಿ ಕೂತು ಮಾಡುವುದು. ಹಾಗಾಗಿ ಇಂಕ್‌ಸ್ಕೇಪ್ ತೆರೆದೆ.

ಮೊದಲು ಸುಲಭದ ದಾರಿ ಹಿಡಿದೆ. ಫೋಟೋ ಹಾಕಿ, ಅದನ್ನು ತಾನಾಗಿ ಗೆರೆ ಮಾಡಿಕೊಡುವ 'ಟ್ರೇಸ್ ಬಿಟ್‌ಮ್ಯಾಪ್' ಒತ್ತಿದೆ. ಹೂವೇನೋ ಬಂತು. ಜೊತೆಗೆ ಪಾಚಿಯೂ ಬಂತು, ಬಿರುಕೂ ಬಂತು, ಮಳೆನೀರು ಇಳಿದ ಕಲೆಯೂ ಬಂತು. ನೋಡ್‌ಗಳನ್ನು, ಅಂದರೆ ಗೆರೆಯನ್ನು ಹಿಡಿದಿಡುವ ಚುಕ್ಕಿಗಳನ್ನು, ಎಣಿಸಿದರೆ ಎರಡು ಸಾವಿರಕ್ಕೂ ಜಾಸ್ತಿ. ಅದನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಮೇಲು. ಅಳಿಸಿದೆ.

ಎರಡನೇ ಸಲ ಪೆನ್ ಟೂಲ್ ಹಿಡಿದು ಫೋಟೋದ ಮೇಲೆಯೇ ಗೆರೆ ಎಳೆದೆ. ಒಂದು ಎಸಳಿಗೆ 19 ನೋಡ್ ಆಯಿತು. ಗೆರೆ ಎಲ್ಲಿ ಬಾಗಿತೋ ಅಲ್ಲೊಂದು ನೋಡ್ ಹಾಕುತ್ತಾ ಹೋಗಿದ್ದೆ. ದೂರದಿಂದ ಎಸಳು, ಹತ್ತಿರ ಹೋದರೆ ಹಾಗಲಕಾಯಿ. ಉಬ್ಬು, ತಗ್ಗು, ಉಬ್ಬು, ತಗ್ಗು.

ಇಲ್ಲಿ ಈ ಗೆರೆಯ ಗುಣ ಹೇಳಲೇಬೇಕು. ಇದಕ್ಕೆ ಬೆಜಿಯೆ ಗೆರೆ ಅನ್ನುತ್ತಾರೆ. ಫ್ರಾನ್ಸಿನ ರೆನೋ ಕಾರು ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಕಾರಿನ ಮೈಯ ಬಾಗು ಬರೆಯಲು ಇದನ್ನು ಬಳಕೆಗೆ ತಂದರು. ಅವರಿಗಿಂತ ಮೊದಲೇ, 1959ರಲ್ಲಿ, ಸಿಟ್ರೋಎನ್ ಕಂಪನಿಯ ಪೌಲ್ ದ ಕಾಸ್ತೆಲ್ಜೋ ಇದೇ ದಾರಿ ಕಂಡುಕೊಂಡಿದ್ದರು. ಗೆರೆಯ ಎರಡು ತುದಿಗೆ ಎರಡು ನೋಡ್. ಪ್ರತಿ ನೋಡ್‌ಗೆ ಒಂದು ಹ್ಯಾಂಡಲ್, ಅಂದರೆ ಹಿಡಿದು ಎಳೆಯುವ ಕಡ್ಡಿ. ಹ್ಯಾಂಡಲ್ ತೋರಿಸಿದ ದಿಕ್ಕಿಗೇ ಗೆರೆ ಹೊರಡುತ್ತದೆ. ಹ್ಯಾಂಡಲ್ ಉದ್ದ ಇದ್ದಷ್ಟೂ ಆ ಕಡೆಯ ಸೆಳೆತ ಜಾಸ್ತಿ. ಅಷ್ಟೇ ಅದರ ಲೆಕ್ಕ. ನಡುವಿನ ಬಾಗನ್ನು ಗೆರೆ ತಾನೇ ನೋಡಿಕೊಳ್ಳುತ್ತದೆ. ನಾವು ಮಧ್ಯೆ ಮಧ್ಯೆ ನೋಡ್ ಸೇರಿಸಿದರೆ ಅದರ ಕೈ ಕಟ್ಟಿದ ಹಾಗೆ. ನೋಡ್ ಕಡಿಮೆ ಆದಷ್ಟೂ ಗೆರೆ ನುಣುಪು. ಇದು ನನಗೆ ಗೊತ್ತಿದ್ದ ವಿಷಯವೇ. ಆದರೆ ಎದುರಿಗೆ ಫೋಟೋ ಇದ್ದಾಗ ಕಣ್ಣು ಅದರ ಒಂದೊಂದು ನಡುಕವನ್ನೂ ಹಿಡಿಯಲು ಹೋಗುತ್ತದೆ.

ಇನ್ನೊಂದು ತೊಡಕೂ ಇತ್ತು. ಬಿದ್ದುಹೋದ ಭಾಗದಲ್ಲಿ ಕಮಾನು ಎಷ್ಟಿದ್ದವು? ಉಳಿದದ್ದು 17. ಮಾವನಿಗೆ ನೆನಪಿಲ್ಲ, ಹಳೆಯ ಫೋಟೋಗಳಲ್ಲಿ ಜನ ಅಡ್ಡ ನಿಂತಿದ್ದಾರೆ. ನಾನು ಅಂದಾಜಿಗೆ 23 ಅಂತ ಇಟ್ಟು ತಿರುಗಿಸಿ ನೋಡಿದೆ. ಕೂರಲಿಲ್ಲ. ಆಮೇಲೆ ಫೋಟೋದ ಮೇಲೆಯೇ ಕೋನ ಅಳೆದೆ. ಒಂದು ಕಮಾನಿಗೆ ಸುಮಾರು 15 ಡಿಗ್ರಿ. 360ನ್ನು 15ರಿಂದ ಭಾಗಿಸಿದರೆ 24. ಸರಿ, 24 ಇರಬಹುದು ಅಂದುಕೊಂಡೆ. ಆದರೆ ಅಂದಾಜಿನ ಮೇಲೆ ದೇವರ ಗೋಡೆ ತುಂಬಲು ಮನಸ್ಸು ಒಪ್ಪಲಿಲ್ಲ.

ಆ ವಾರ ಕೆಲಸ ಬಿಟ್ಟು ಬರುವಾಗ ಮಾರಿಕಾಂಬಾ ದೇವಸ್ಥಾನಕ್ಕೆ ಹೋದೆ. 1688ರಷ್ಟು ಹಿಂದಿನ ದೇವಸ್ಥಾನ ಅದು. ಅಲ್ಲಿನ ಗೋಡೆಗಳ ಮೇಲೂ ಕಾವಿ ಚಿತ್ರಗಳಿವೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲಿ ಜನರ ನಡುವೆ ನುಗ್ಗಿ ಹೋಗುವಾಗ ನಾನು ಅವನ್ನು ನೋಡಿಯೂ ನೋಡದೆ ದಾಟಿದ್ದೆ. ಆ ಸಂಜೆ ಜನ ಕಡಿಮೆ. ಗೋಡೆಯ ಎದುರು ನಿಂತು, ಇದನ್ನು ಬರೆದವರ ಕೈ ಮೊದಲು ಎಲ್ಲಿ ಇಳಿದಿರಬೇಕು ಅಂತ ಯೋಚಿಸುತ್ತಾ ಹೋದೆ. ಹಸಿ ಗಾರೆ ಒಣಗುವುದರೊಳಗೆ ಮುಗಿಸಬೇಕು. ತಪ್ಪಿದರೆ ಅಳಿಸಲು ಬರುವುದಿಲ್ಲ. ಅಂಥವರು ಒಂದೊಂದೇ ಎಸಳನ್ನು ಕಣ್ಣಂದಾಜಿಗೆ ಬರೆಯುತ್ತಾ ಕೂತಿರಲಿಕ್ಕಿಲ್ಲ, ಅಲ್ವಾ?

ಭಾನುವಾರ ಮತ್ತೆ ಅಜ್ಜನ ಮನೆಗೆ ಹೋದೆ. ಈ ಸಲ ಕ್ಯಾಮೆರಾ ಬೇಡ ಅಂತ ಟಾರ್ಚ್ ತೆಗೆದುಕೊಂಡು ಹೋದೆ. ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟೆ. ಹೂವಿನ ಸರಿಯಾದ ನಡುವೆ, ಆರು ಎಸಳಿನ ತುದಿ ಸೇರುವಲ್ಲಿ, ಒಂದು ಸಣ್ಣ ಗುಳಿ ಕಂಡಿತು. ಸಾಸಿವೆ ಕಾಳು ಕೂರುವಷ್ಟು. ಬೆಳಕನ್ನು ಎಸಳಿನ ಹೊರತುದಿಗೆ ತಂದೆ. ಅಲ್ಲೂ ಒಂದು ಗುಳಿ. ಪಕ್ಕದ ಎಸಳಿನ ತುದಿಯಲ್ಲೂ ಇತ್ತು. ಉಳಿದಿದ್ದ ನಾಲ್ಕು ಎಸಳಿನ ತುದಿಯಲ್ಲೂ ಒಂದೊಂದು.

ಕೈವಾರದ ಮೊಳೆ ಊರಿದ ಗುರುತು ಅದು! ನಾನು ಅಲ್ಲಿಯೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಶಾಲೆಯಲ್ಲಿ ನಾವೆಲ್ಲ ಕೈವಾರದಲ್ಲಿ ಮಾಡಿದ ಆಟವೇ. ಒಂದು ವೃತ್ತ ಎಳೆಯಿರಿ. ಕೈವಾರದ ಅಗಲ ಬದಲಿಸದೆ ವೃತ್ತದ ಮೇಲೆ ಮೊಳೆ ಊರಿ, ನಡುವಿನಿಂದ ಹಾಯುವ ಹಾಗೆ ಕಮಾನು ಎಳೆಯಿರಿ. ಅದು ವೃತ್ತವನ್ನು ಮುಟ್ಟಿದಲ್ಲಿ ಮತ್ತೆ ಮೊಳೆ ಊರಿ. ಸರಿಯಾಗಿ ಆರು ಸಲಕ್ಕೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಆರು ಎಸಳು ತಾವಾಗಿ ಮೂಡುತ್ತವೆ. ಆರನ್ನು ಅರ್ಧ ಮಾಡಿದರೆ ಹನ್ನೆರಡು, ಅದನ್ನು ಅರ್ಧ ಮಾಡಿದರೆ ಇಪ್ಪತ್ತನಾಲ್ಕು. ಬಳ್ಳಿಯ ಅಲೆ ಹನ್ನೆರಡು, ಕಮಾನು ಇಪ್ಪತ್ತನಾಲ್ಕು. ಅಂದಾಜು ಹೋಗಿ ಲೆಕ್ಕ ಸಿಕ್ಕಿತು.

ಅಲ್ಲಿಂದ ಮುಂದೆ ನಾನು ಫೋಟೋದ ಮೇಲೆ ಗೆರೆ ಎಳೆಯುವುದನ್ನು ಬಿಟ್ಟೆ. ಗೋಡೆಯಲ್ಲಿ ಆ ಕೈ ಏನು ಮಾಡಿತ್ತೋ, ಅದನ್ನೇ ಅದೇ ಕ್ರಮದಲ್ಲಿ ಇಂಕ್‌ಸ್ಕೇಪಿನಲ್ಲಿ ಮಾಡಿದೆ.

ಎಸಳಿನ ಉದ್ದ 12 ಸೆಂಟಿಮೀಟರ್. ಹಾಗಾದರೆ ವೃತ್ತದ ತ್ರಿಜ್ಯವೂ 120 ಮಿಲಿಮೀಟರ್. 240 ಮಿ.ಮೀ. ಅಗಲದ ಎರಡು ವೃತ್ತ ಬರೆದೆ. ಒಂದನ್ನು ಇನ್ನೊಂದರಿಂದ 207.8 ಮಿ.ಮೀ. ಪಕ್ಕಕ್ಕೆ ಸರಿಸಿದೆ. ಆ ಸಂಖ್ಯೆ ಎಲ್ಲಿಂದ ಬಂತು ಅಂದರೆ, ಎಸಳಿನ ಎರಡು ಬದಿಗಳ ಕಮಾನು ಎಳೆಯುವಾಗ ಮೊಳೆ ಊರುವುದು ಅದರ ಆಚೀಚೆಯ ಎರಡು ತುದಿಗಳಲ್ಲಿ. ಆ ಎರಡರ ನಡುವಿನ ದೂರ ತ್ರಿಜ್ಯದ 1.732 ಪಟ್ಟು. ಎರಡೂ ವೃತ್ತ ಆರಿಸಿ, ಒಂದರ ಮೇಲೊಂದು ಬಿದ್ದ ಭಾಗವನ್ನಷ್ಟೇ ಉಳಿಸುವ 'ಇಂಟರ್‌ಸೆಕ್ಷನ್' ಒತ್ತಿದೆ. ಉಳಿದದ್ದು ಒಂದೇ ಎಸಳು. ನಾಲ್ಕೇ ನೋಡ್. ಅಗಲ ನೋಡಿದೆ, 32.2 ಮಿ.ಮೀ. ಮಾವನಿಗೆ ಫೋನ್ ಮಾಡಿ ಗೋಡೆಯ ಎಸಳು ಎಷ್ಟು ಅಗಲ ಇದೆ ನೋಡಿ ಅಂದೆ. ಸ್ಕೇಲ್ ಹಿಡಿದು ನೋಡಿ ಬಂದು "ಮೂರು ಸೆಂಟಿಮೀಟರ್, ಮೇಲೆರಡು ಗೆರೆ" ಅಂದರು. ನಾನು ಅಗಲವನ್ನು ಎಲ್ಲೂ ಹಾಕಿರಲಿಲ್ಲ. ಉದ್ದ ಕೊಟ್ಟದ್ದಕ್ಕೆ ಅಗಲ ತಾನಾಗಿ ಬಂದಿತ್ತು. ಆ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಇಷ್ಟಕ್ಕೆ ಮೊದಲು ಒಂದು ಸಣ್ಣ ತಪ್ಪು ಅರ್ಧ ದಿನ ತಿಂದಿತ್ತು, ಅದನ್ನೂ ಹೇಳುತ್ತೇನೆ. ಇಂಕ್‌ಸ್ಕೇಪ್ ಅಗಲ ತೋರಿಸುವಾಗ ಗೆರೆಯ ದಪ್ಪವನ್ನೂ ಸೇರಿಸುತ್ತದೆ. ಒಂದು ಮಿ.ಮೀ. ದಪ್ಪದ ಗೆರೆಯಿದ್ದರೆ 240 ಅಂತ ಹಾಕಿದ ವೃತ್ತ ನಿಜಕ್ಕೂ 239 ಆಗಿರುತ್ತದೆ. ಪ್ರಿಫರೆನ್ಸಸ್‌ನಲ್ಲಿ ಟೂಲ್ಸ್ ಅನ್ನುವ ಕಡೆ ಹೋಗಿ 'ಜಾಮೆಟ್ರಿಕ್ ಬೌಂಡಿಂಗ್ ಬಾಕ್ಸ್' ಆರಿಸಿಕೊಂಡರೆ ಗೆರೆಯ ದಪ್ಪ ಲೆಕ್ಕಕ್ಕೆ ಬರುವುದಿಲ್ಲ. ಅಳತೆಯ ಕೆಲಸ ಮಾಡುವವರು ಮೊದಲು ಇದನ್ನು ನೋಡಿಕೊಳ್ಳಿ.

ಎಸಳನ್ನು ಸುತ್ತ ಕೂರಿಸುವುದು ಸುಲಭ. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಸ್ವಲ್ಪ ಬಿಟ್ಟು ಇನ್ನೊಮ್ಮೆ ಕ್ಲಿಕ್ ಮಾಡಿದರೆ ನಡುವೆ ಒಂದು ಸಣ್ಣ ಕೂಡು ಗುರುತು ಬರುತ್ತದೆ. ತಿರುಗುವುದು ಅದರ ಸುತ್ತ. ಅದನ್ನು ಎಳೆದು ಎಸಳಿನ ಕೆಳತುದಿಗೆ ಕೂರಿಸಬೇಕು. ಗೋಡೆಯಲ್ಲಿ ಮೊಳೆ ಊರಿದ ಹಾಗೆಯೇ. ಆಮೇಲೆ 'ಕ್ರಿಯೇಟ್ ಟೈಲ್ಡ್ ಕ್ಲೋನ್ಸ್' ತೆರೆದು, ಒಂದು ಸಾಲು, ಆರು ಕಾಲಮ್, ಶಿಫ್ಟ್‌ನಲ್ಲಿ ಪ್ರತಿ ಕಾಲಮ್‌ಗೆ ಎಕ್ಸ್ ಮೈನಸ್ 100 ಶೇಕಡಾ, ರೊಟೇಷನ್ 60 ಡಿಗ್ರಿ. ಮೈನಸ್ 100 ಹಾಕದಿದ್ದರೆ ಎಸಳುಗಳು ಪಕ್ಕಕ್ಕೆ ಓಡಿಹೋಗುತ್ತವೆ. ಮೊದಲ ಪ್ರತಿ ಮೂಲದ ಮೇಲೇ ಕೂರುತ್ತದೆ, ಅದು ನೆನಪಿರಲಿ. ನಾನು ಮೂಲವನ್ನು ಪಕ್ಕಕ್ಕೆ ತೆಗೆದಿಡುವುದಿಲ್ಲ, ಅದರ ಮೇಲೆ ಬಂದ ಪ್ರತಿಯನ್ನೇ ಅಳಿಸುತ್ತೇನೆ. ಕ್ಲೋನ್‌ನ ಲಾಭ ಏನೆಂದರೆ, ಮೂಲ ಎಸಳನ್ನು ತಿದ್ದಿದರೆ ಉಳಿದ ಐದೂ ಅದೇ ಕ್ಷಣ ತಿದ್ದಿಕೊಳ್ಳುತ್ತವೆ.

ಕಮಾನೂ ಹೀಗೆಯೇ ಮುಗಿಯಿತು. 272 ಮಿ.ಮೀ. ತ್ರಿಜ್ಯದ ವೃತ್ತದ ಮೇಲೆ 24 ಅರ್ಧವೃತ್ತ, ಒಂದೊಂದರ ಅಗಲ 71 ಮಿ.ಮೀ., 15 ಡಿಗ್ರಿಗೊಂದು.

ಬಳ್ಳಿ ಮಾತ್ರ ಬಿಡಲಿಲ್ಲ. ಅದರಲ್ಲಿ ಕೈವಾರದ ಗುರುತು ಒಂದೂ ಇರಲಿಲ್ಲ. ಅದು ಬರಿಗೈಯಲ್ಲಿ ಹೋದ ಗೆರೆ. ಮೊದಲು ನೇರವಾಗಿ ಒಂದು ಅಲೆ ಬರೆದು, 'ಪ್ಯಾಟರ್ನ್ ಅಲಾಂಗ್ ಪಾತ್' ಹಾಕಿ ವೃತ್ತದ ಸುತ್ತ ಬಗ್ಗಿಸಿದೆ. ಸುತ್ತೇನೋ ಬಂತು, ಆದರೆ ಎಲೆಗಳು ಕೆಟ್ಟವು. ನೇರ ಇದ್ದದ್ದನ್ನು ಬಗ್ಗಿಸಿದಾಗ ಒಳಗಡೆ ಕುಗ್ಗುತ್ತದೆ, ಹೊರಗಡೆ ಹಿಗ್ಗುತ್ತದೆ. ನನ್ನ ಬಳ್ಳಿ 180ರಿಂದ 220 ಮಿ.ಮೀ. ತ್ರಿಜ್ಯದ ನಡುವೆ ಓಡುತ್ತಿತ್ತು. ಒಳಗಿನ ಎಲೆ ಹತ್ತನೇ ಒಂದು ಪಾಲು ಸಣ್ಣದಾಯಿತು, ಹೊರಗಿನದು ಅಷ್ಟೇ ದೊಡ್ಡದಾಯಿತು. ಗೋಡೆಯಲ್ಲಿ ಒಳಗಿನ ಎಲೆಯೂ ಹೊರಗಿನ ಎಲೆಯೂ ಒಂದೇ ಅಳತೆ. ಬೇಡ ಅಂತ ಅದನ್ನೂ ಬಿಟ್ಟೆ.

ಹಾಗಾದರೆ 30 ಡಿಗ್ರಿಯ ಒಂದು ಹೋಳು ಮಾತ್ರ ಬರೆದು ಹನ್ನೆರಡು ಸಲ ತಿರುಗಿಸಬೇಕು. ಹಲಸಿನ ಹಣ್ಣಿನ ಹೋಳಿನ ಹಾಗೆ ಅನ್ನಿ. ಕಷ್ಟ ಇರುವುದು ಹೋಳು ಹೋಳಿಗೆ ಸೇರುವಲ್ಲಿ. ಒಂದರ ಕೊನೆ ಇನ್ನೊಂದರ ಮೊದಲನ್ನು ಮುಟ್ಟಿದರೆ ಸಾಲದು, ಅದೇ ದಿಕ್ಕಿನಲ್ಲಿ ಮುಟ್ಟಬೇಕು. ನನ್ನದು ಮುಟ್ಟುತ್ತಿತ್ತು, ಆದರೆ ಪ್ರತಿ ಸೇರುವೆಯಲ್ಲೂ ಮೊಣಕೈ ಮಡಿಸಿದ ಹಾಗೆ ಒಂದು ಮೂಲೆ. ಹನ್ನೆರಡು ಮೊಣಕೈ. ನಾಲ್ಕು ರಾತ್ರಿ ಇದೇ ಆಯಿತು. ನಡುವೆ ಎರಡು ಸಲ ಕರೆಂಟು ಹೋಯಿತು.

ಐದನೇ ರಾತ್ರಿ ಹೋಳನ್ನು ಕತ್ತರಿಸುವ ಜಾಗ ಬದಲಿಸಿದೆ. ಅಲೆಯ ಇಳಿಜಾರಿನಲ್ಲಿ ಕತ್ತರಿಸುವ ಬದಲು ಅಲೆಯ ತುತ್ತತುದಿಯಲ್ಲಿ ಕತ್ತರಿಸಿದೆ. ತುದಿಯಲ್ಲಿ ಗೆರೆ ಮೇಲೂ ಹೋಗುತ್ತಿರುವುದಿಲ್ಲ, ಕೆಳಗೂ ಹೋಗುತ್ತಿರುವುದಿಲ್ಲ. ನಡುವಿನಿಂದ ಬರುವ ಗೆರೆಗೆ ಸರಿಯಾಗಿ ಅಡ್ಡ ಮಲಗಿರುತ್ತದೆ. ಮೂರೇ ನೋಡ್ ಸಾಕಾಯಿತು. 220ರಲ್ಲಿ ಅಲೆಯ ತುದಿ, 15 ಡಿಗ್ರಿ ಮುಂದೆ 180ರಲ್ಲಿ ತಗ್ಗು, ಇನ್ನೂ 15 ಡಿಗ್ರಿ ಮುಂದೆ ಮತ್ತೆ 220ರಲ್ಲಿ ತುದಿ. ಹ್ಯಾಂಡಲ್ ಎಳೆಯುವಾಗ ಕಂಟ್ರೋಲ್ ಒತ್ತಿ ಹಿಡಿದರೆ ಅದು 15 ಡಿಗ್ರಿಯ ಮೆಟ್ಟಿಲಿನಲ್ಲೇ ತಿರುಗುತ್ತದೆ. ನನಗೆ ಬೇಕಾದದ್ದೂ ಅದೇ 15! ಮೊದಲ ನೋಡ್‌ಗೆ ಅಡ್ಡ ಹ್ಯಾಂಡಲ್, ಎರಡನೆಯದಕ್ಕೆ ಒಂದು ಮೆಟ್ಟಿಲು ಓರೆ, ಮೂರನೆಯದಕ್ಕೆ ಎರಡು ಮೆಟ್ಟಿಲು. ಹ್ಯಾಂಡಲ್‌ನ ಉದ್ದ ಮೊದಲು ಎರಡು ನೋಡ್ ನಡುವಿನ ದೂರದ ಮೂರನೇ ಒಂದರಷ್ಟು ಇಟ್ಟೆ, 22 ಮಿ.ಮೀ. ಗೋಡೆಯ ಬಳ್ಳಿ ಇನ್ನೂ ತುಂಬಿಕೊಂಡಿತ್ತು. ಎಳೆಯುತ್ತಾ ಹೋಗಿ 30ಕ್ಕೆ ನಿಲ್ಲಿಸಿದೆ. ತಿರುಗಿಸಿದಾಗ ಮೊಣಕೈ ಒಂದೂ ಇರಲಿಲ್ಲ. ಗೆರೆ ಎಲ್ಲಿ ಶುರು, ಎಲ್ಲಿ ಕೊನೆ ಅಂತ ನನಗೇ ತಿಳಿಯಲಿಲ್ಲ.

ಆದರೂ ತುಂಬಾ ಹತ್ತಿರ ಹೋದರೆ ಸೇರುವಲ್ಲಿ ಕೂದಲೆಳೆಯಷ್ಟು ಬಿಳಿ ಕಾಣುತ್ತಿತ್ತು. ಕ್ಲೋನ್‌ಗಳು ಪಕ್ಕಪಕ್ಕ ಕೂತಿರುತ್ತವೆ, ಒಂದಾಗಿರುವುದಿಲ್ಲ. ಕೊನೆಗೆ ಕ್ಲೋನ್ ಸಂಬಂಧ ಬಿಡಿಸಿ, ಎಲ್ಲ ಕೂಡಿಸಿ, ಸೇರುವಲ್ಲಿನ ಎರಡೆರಡು ನೋಡ್ ಆರಿಸಿ ಶಿಫ್ಟ್ ಜೆ ಒತ್ತಿ ಬೆಸೆದೆ. ಹನ್ನೆರಡು ಸಲ. ಎಲೆ ಒಂದನ್ನು ಬರೆದು ಎಲ್ಲ ತಗ್ಗುಗಳಲ್ಲಿ ಕೂರಿಸಿದೆ.

ಎ3 ಹಾಳೆ ಆರು ಜೋಡಿಸಿದರೆ ಎರಡು ಅಡಿ ಹೂವು ಕೂರುತ್ತದೆ. ಮೂಲೆಯಲ್ಲಿ 10 ಸೆಂಟಿಮೀಟರಿನ ಒಂದು ಗೆರೆ ಹಾಕಿದ್ದೆ, ಪರೀಕ್ಷೆಗೆ. ಪ್ರಿಂಟ್ ಆಗಿ ಬಂದ ಮೇಲೆ ಅಳೆದರೆ 9.7. ಪ್ರಿಂಟರ್ ಹಾಳೆಗೆ ಹೊಂದಿಸಲು ತಾನೇ ಕುಗ್ಗಿಸಿಬಿಟ್ಟಿತ್ತು. ಪೂರ್ತಿ ಅಳತೆಗೆ ಇಟ್ಟು ಮತ್ತೆ ತೆಗೆಸಿದೆ.

ಗಾರೆ ಕೆಲಸದ ಅಜ್ಜ ಬಂದ ದಿನ ನಾನೂ ಹೋಗಿದ್ದೆ. ಚಿಪ್ಪಿಸುಣ್ಣ, ಮರಳು, ಬೆಲ್ಲದ ನೀರು ಎಲ್ಲ ಮೊದಲೇ ಕಲಸಿ ಇಟ್ಟಿದ್ದರು. ಅವರು ಜೋಡಿಸಿದ ಹಾಳೆಯನ್ನು ನೆಲದ ಮೇಲೆ ಹರಡಿ, ಬಗ್ಗಿ ನೋಡಿದರು. ಎಸಳಿನ ಮೇಲೆ ಬೆರಳಿಟ್ಟು, "ತಂಗಿ, ಇದಕ್ಕೆ ಕಾಗದ ಎಂತಕ್ಕೆ? ಇದು ಕೈವಾರದಲ್ಲೇ ಬರ್ತದೆ" ಅಂದರು. ಬಳ್ಳಿಯ ಮೇಲೆ ಕೈ ಆಡಿಸಿ, "ಇದು ಬೇಕು" ಅಂದರು. ಬಳ್ಳಿಯ ಗೆರೆಯುದ್ದಕ್ಕೂ ನಾವಿಬ್ಬರೂ ಕೂತು ಸೂಜಿಯಿಂದ ಚುಚ್ಚಿದೆವು. ಇದ್ದಿಲು ಪುಡಿಯ ಬಟ್ಟೆಗಂಟು ತಟ್ಟಿದರೆ ಗೋಡೆಯ ಮೇಲೆ ಚುಕ್ಕಿ ಇಳಿಯುತ್ತದೆ.

ಗಾರೆ ಹಚ್ಚುವ ಮೊದಲು ಹಾಳೆಯನ್ನು ಒಮ್ಮೆ ಗೋಡೆಗೆ ಇಟ್ಟು ನೋಡೋಣ ಅಂದೆ. ನಡುವಿನ ಹಳೆಯ ಗುಳಿಗೆ ಸೂಜಿ ಊರಿ, ಹಾಳೆಯನ್ನು ತಿರುಗಿಸುತ್ತಾ ಹೋದೆ. ಎಸಳು ಕೂತವು. ಬಳ್ಳಿ ಕೂತಿತು. ಕಮಾನು ಒಂದು ಕಡೆ ಕೂತರೆ ಇನ್ನೊಂದು ಕಡೆ ಕೂರುವುದಿಲ್ಲ. ಅಜ್ಜ ನೂಲು ತೆಗೆದು ಬಿದ್ದುಹೋದ ಜಾಗವನ್ನು ವೃತ್ತದ ಮೇಲೆಯೇ ಅಳೆದರು. 49.4 ಸೆಂಟಿಮೀಟರ್. ಏಳು ಕಮಾನಿಗೆ ನನ್ನ ಲೆಕ್ಕದಲ್ಲಿ 49.8 ಬೇಕು. ಹಳೆಯ ಕೈ ಹದಿನೇಳು ಕಮಾನು ಹೋಗುವಷ್ಟರಲ್ಲಿ ಒಂದು ಡಿಗ್ರಿ ಮುಂದೆ ಹೋಗಿತ್ತು. ಉಳಿದ ಏಳರಲ್ಲಿ ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಹಂಚಿಕೊಂಡಿತ್ತು. ಆ ಏಳೇ ಈಗ ಬಿದ್ದುಹೋಗಿದ್ದವು.

ಲ್ಯಾಪ್‌ಟಾಪ್ ಜೊತೆಗೇ ತಂದಿದ್ದೆ. ಗುಡಿಯ ಕಟ್ಟೆಯ ಮೇಲೆ ಕೂತು, ಆ ಏಳು ಕಮಾನು ಮಾತ್ರ ಇಟ್ಟುಕೊಂಡು, ಮೂಲ ಕಮಾನಿನ ಅಗಲವನ್ನು 71ರಿಂದ 70.3ಕ್ಕೆ ಇಳಿಸಿದೆ. ಉಳಿದ ಆರು ಕ್ಲೋನ್‌ಗಳೂ ಕುಗ್ಗಿದವು. ತಿರುಗುವ ಕೋನ 15 ಇದ್ದದ್ದನ್ನು 14.86 ಮಾಡಿದೆ. ಮಾವ ಪೆನ್ ಡ್ರೈವ್ ಹಿಡಿದು ಕುಮಟಾಕ್ಕೆ ಬೈಕಿನಲ್ಲಿ ಹೋಗಿ ಪ್ರಿಂಟ್ ತಂದರು. ಅಷ್ಟರಲ್ಲಿ ಅತ್ತೆ ಎಲ್ಲರಿಗೂ ಅವಲಕ್ಕಿ, ಚಹಾ ಕೊಟ್ಟರು.

ಹೊಸ ಹಾಳೆಯನ್ನು ಗೋಡೆಗೆ ಹಿಡಿದೆವು. ಹದಿನೇಳನೆಯ ಕಮಾನಿನ ಪಕ್ಕ ಹದಿನೆಂಟನೆಯದು ಕೂತಿತು. ಇಪ್ಪತ್ತನಾಲ್ಕನೆಯದರ ಕೊನೆ ಹೋಗಿ ಮೊದಲನೆಯದರ ಬುಡ ಮುಟ್ಟಿತು. ಅಜ್ಜ ಎರಡೂ ಸೇರುವೆಗಳನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಹಾಳೆಯನ್ನು ನನ್ನ ಕೈಗೆ ಕೊಟ್ಟು, ಕರಣೆ ಎತ್ತಿಕೊಂಡರು.